ಗುಡ್ಡದ ಕಾಡು, ನಮ್ಮ ಓಣಿಯ ನೀರು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಸಲ ಕಾಡು ಮತ್ತು ನೀರಿನ ಬಗ್ಗೆ ಮಾತಾಡ್ತೀನಿ ಅಂದಾಗ ಸಂಘದ ಅಣ್ಣ ಒಬ್ಬರು ನಕ್ಕರು. "ಸಾಂಗಲಿ-ಮೀರಜದಾಗ ಕಾಡು ಎಲ್ಲೈತಿ ತಂಗೀ? ಕಬ್ಬು, ದ್ರಾಕ್ಷಿ, ಅರಿಷಿಣ ಬಿಟ್ರ ಇಲ್ಲಿ ಏನೈತಿ?" ಅಂದರು. ಇನ್ನೊಬ್ಬರು, "ಮೀಸಲಾತಿ, ಸ್ಕಾಲರ್‌ಶಿಪ್, ನೌಕರಿ ಬಗ್ಗೆ ಹೇಳು. ಕಾಡು ತಗೊಂಡು ನಮ್ಮ ಮಂದಿ ಏನ್ ಮಾಡ್ತಾರ?" ಅಂದರು. ಎರಡೂ ಪ್ರಶ್ನೆಗಳು ಸರಿಯಾಗಿಯೇ ಇವೆ. ಅವಕ್ಕೆ ಉತ್ತರ ಕೊಡೋದೇ ಇವತ್ತಿನ ನನ್ನ ಕೆಲಸ. ನಾನು ಬಿ.ಎ. ಓದುವಾಕಿ, ಭೂಗೋಳ ನನ್ನ ವಿಷಯ. ಇಂಜಿನಿಯರ್ ಅಲ್ಲ. ಪುಸ್ತಕದಲ್ಲಿ ಓದಿದ್ದನ್ನು ನಮ್ಮ ಓಣಿಯ ಲೆಕ್ಕಕ್ಕೆ ಹಚ್ಚಿ ನೋಡಿದ್ದೇನೆ, ಅಷ್ಟೇ.

2019ರ ಆಗಸ್ಟ್ ತಿಂಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಸಾಂಗಲಿಯ ಐರ್ವಿನ್ ಪೂಲಿನ ಹತ್ತಿರ ಕೃಷ್ಣೆಯ ನೀರು ಅಳೆಯುತ್ತಾರೆ. 40 ಅಡಿಗೆ ಎಚ್ಚರಿಕೆ, 45 ಅಡಿಗೆ ಅಪಾಯ. ಆ ಸಲ 57 ಅಡಿ ದಾಟಿತು. ಪೇಟೆಯಲ್ಲಿ ನಾವ್ (ದೋಣಿ) ಓಡಾಡಿದವು. ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ, ಕೃಷ್ಣಾ-ಯೇರಳಾ ಕೂಡುವ ಊರಲ್ಲಿ, ಜನರನ್ನು ಸಾಗಿಸುತ್ತಿದ್ದ ದೋಣಿಯೇ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಈಗ ಒಂದು ಮಾತು ಕೇಳ್ತೀನಿ. ಅಷ್ಟು ನೀರು ಸಾಂಗಲಿಯಲ್ಲಿ ಬಿದ್ದ ಮಳೆಯದೇನು? ಅಲ್ಲ. ನಮ್ಮ ಮೀರಜ ತಾಲೂಕಿಗೆ ವರ್ಷವಿಡೀ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ನಮ್ಮನ್ನು ಮುಳುಗಿಸಿದ ನೀರು ಬಂದದ್ದು ಪಡುವಣ ಗುಡ್ಡದಿಂದ. ಕಾಡು ಎಲ್ಲೈತಿ ಅಂದರೆ, ಅಲ್ಲೈತಿ.

ಆ ಗುಡ್ಡದ ಪರಿಚಯ ಮೊದಲು ಮಾಡಿಕೊಡ್ತೀನಿ. ಮಹಾಬಳೇಶ್ವರದಲ್ಲಿ ಐದು ನದಿ ಹುಟ್ಟುತ್ತವೆ ಅಂತ ಹೇಳ್ತಾರೆ: ಕೃಷ್ಣಾ, ಕೊಯ್ನಾ, ವೆಣ್ಣಾ, ಗಾಯತ್ರಿ, ಸಾವಿತ್ರಿ. ವೆಣ್ಣಾ ಸಾತಾರದ ಹತ್ತಿರ ಮಾಹುಲಿಯಲ್ಲಿ ಕೃಷ್ಣೆಗೆ ಸೇರುತ್ತದೆ, ಕೊಯ್ನಾ ಕರಾಡದಲ್ಲಿ ಸೇರುತ್ತದೆ. ಇನ್ನೂ ಕೆಳಗೆ ಚಾಂದೋಲಿ ಕಡೆಯ ವಾರಣಾ ನದಿ ನಮ್ಮ ಹರಿಪುರದಲ್ಲಿ, ಕೊಲ್ಹಾಪುರದ ಪಂಚಗಂಗಾ ನರಸೋಬಾವಾಡಿಯಲ್ಲಿ ಕೂಡುತ್ತವೆ. ಇವೆಲ್ಲ ಮೂಡಣಕ್ಕೆ ಹರಿದವು. ಸಾವಿತ್ರಿ ಒಂದು ಮಾತ್ರ ಬೆನ್ನು ತಿರುಗಿಸಿ ಪಡುವಣಕ್ಕೆ ಇಳಿದಳು. ಎಲ್ಲಿಗೆ ಹೋದಳು? ಪೋಲಾದಪುರ ದಾಟಿ ಮಹಾಡಕ್ಕೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ ಕೆರೆಯ ನೀರು ಮುಟ್ಟಿದ ಮಹಾಡಕ್ಕೆ. ನಮ್ಮ ಕೃಷ್ಣಾ ಮತ್ತು ಮಹಾಡದ ಸಾವಿತ್ರಿ ಒಂದೇ ಗುಡ್ಡದ ಎರಡು ಮಗ್ಗಲಿನ ನೀರು. ನಾನು ನಕಾಶೆ ಬಿಡಿಸುವಾಗ ಇದು ಕಣ್ಣಿಗೆ ಬಿತ್ತು. ಅವತ್ತಿನಿಂದ ಮಹಾಬಳೇಶ್ವರ ನನಗೆ ಸ್ಟ್ರಾಬೆರಿ ತಿನ್ನುವ ಊರಾಗಿ ಉಳಿದಿಲ್ಲ.

ಅರಬ್ಬಿ ಸಮುದ್ರದ ಕಡೆಯಿಂದ ಬರುವ ಹಸಿಗಾಳಿಗೆ ಈ ಗುಡ್ಡದ ಸಾಲು ಗೋಡೆಯ ಹಾಗೆ ಅಡ್ಡ ನಿಂತಿದೆ. ಗಾಳಿ ಮೇಲೆ ಏರಬೇಕು, ಏರಿದರೆ ತಣ್ಣಗಾಗುತ್ತದೆ, ತಣ್ಣಗಾದರೆ ತನ್ನಲ್ಲಿದ್ದ ನೀರು ಚೆಲ್ಲುತ್ತದೆ. ಹಾಗಾಗಿ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,500 ಮಿಲಿಮೀಟರಿಗೂ ಹೆಚ್ಚು ಮಳೆ. ಗುಡ್ಡ ಇಳಿದು ಪಾಚಗಣಿಗೆ ಬಂದರೆ ಅದರ ಮೂರನೇ ಒಂದು ಪಾಲು, ವಾಯಿಗೆ ಬಂದರೆ ಏಳೆಂಟನೇ ಒಂದು ಪಾಲು. ಗಾಳಿಯ ಕೈಯಲ್ಲಿ ಹಂಚಲಿಕ್ಕೆ ಮುಂದೆ ಏನೂ ಉಳಿಯೋದಿಲ್ಲ. ನಮ್ಮ ಸಾಂಗಲಿ ಜಿಲ್ಹೆಯನ್ನೇ ನೋಡಿರಿ. ಶಿರಾಳಾ ತಾಲೂಕಿನ ಪಡುವಣ ಅಂಚಿನಲ್ಲಿ, ಚಾಂದೋಲಿ ಕಾಡಿನಲ್ಲಿ, ಸಾವಿರಾರು ಮಿಲಿಮೀಟರ್ ಮಳೆ. ಅದೇ ಜಿಲ್ಹೆಯ ಮೂಡಣ ತುದಿ ಜತ್ತ ತಾಲೂಕಿನಲ್ಲಿ, ಉಮದಿ, ಸಂಖ, ತಿಕೋಂಡಿ ಕಡೆ, 500 ಮಿಲಿಮೀಟರ್ ಬಂದರೆ ಹಬ್ಬ. ಒಬ್ಬನೇ ಕಲೆಕ್ಟರ್, ಒಂದೇ ಜಿಲ್ಹಾ ಪರಿಷತ್ತು. ಆದರೆ ಒಂದು ಕಡೆ ಕೊಡೆ ಮಡಚಲಿಕ್ಕೆ ಆಗೋದಿಲ್ಲ, ಇನ್ನೊಂದು ಕಡೆ ಟ್ಯಾಂಕರ್ ಬಂದರೇ ನೀರು.

ಈ ಮಳೆ ನೆರಳಿನ ನಾಡಿನಲ್ಲಿಯೇ ಬಾಲಕ ಭೀಮರಾಯ ಬಾಯಾರಿ ಮಲಗಿದ್ದು. "ವೇಟಿಂಗ್ ಫಾರ್ ಎ ವೀಸಾ" ಎಂಬ ತಮ್ಮ ಆತ್ಮಕಥನದ ಬರಹದಲ್ಲಿ ಅವರು ಅದನ್ನು ಬರೆದಿದ್ದಾರೆ. ಸುಮಾರು 1901ರ ಮಾತು. ಅವರ ತಂದೆ ಖಟಾವ ತಾಲೂಕಿನ ಗೋರೇಗಾವದಲ್ಲಿ ಖಜಾಂಚಿಯಾಗಿದ್ದರು. ಅಲ್ಲಿ ನಡೆದಿದ್ದ ಕೆಲಸ ಏನು? ಬರಗಾಲದ ಮಂದಿಗೆ ಕೂಲಿ ಕೊಡಲಿಕ್ಕೆ ಸರ್ಕಾರ ಕೆರೆ ಕಡಿಸುತ್ತಿತ್ತು. ತಂದೆಯನ್ನು ನೋಡಲು ಮಕ್ಕಳು ಸಾತಾರದಿಂದ ರೈಲು ಹತ್ತಿ ಮಸೂರ ಸ್ಟೇಷನ್ನಿನಲ್ಲಿ ಇಳಿದರು. ಪುಣೆಯಿಂದ ಮೀರಜಕ್ಕೆ ಬರುವ ಇದೇ ನಮ್ಮ ದಾರಿಯ ಮೇಲಿನ ಮಸೂರ. ಮಹಾರ ಮಕ್ಕಳು ಅಂತ ಗೊತ್ತಾದ ಮೇಲೆ ಚಕ್ಕಡಿ ಸಿಗಲಿಲ್ಲ. ದುಪ್ಪಟ್ಟು ದುಡ್ಡು ಕೊಟ್ಟು, ತಾವೇ ಹೊಡಕೊಂಡು ಹೋದರು. ರಾತ್ರಿ ಟೋಲ್ ನಾಕೆಯ ಹತ್ತಿರ ಬುತ್ತಿ ಇತ್ತು, ನೀರು ಇರಲಿಲ್ಲ. ಯಾರೂ ಕೊಡಲಿಲ್ಲ. ಉಪವಾಸ ಮಲಗಿದರು. ಅಲ್ಲಿಂದ ಪಡುವಣಕ್ಕೆ ನೋಡಿದರೆ, ಇಡೀ ಭಾರತದಲ್ಲಿಯೇ ಹೆಚ್ಚು ಮಳೆ ಬೀಳುವ ಗುಡ್ಡಗಳಲ್ಲಿ ಒಂದು ಅಷ್ಟೇನೂ ದೂರ ಇಲ್ಲ. ಗುಡ್ಡ ಒಂದು ಮಳೆ ನೆರಳು ಹಾಕಿತ್ತು. ಜಾತಿ ಅದರ ಮೇಲೆ ಇನ್ನೊಂದು ನೆರಳು ಹಾಕಿತ್ತು. ಮೊದಲನೆಯದು ಪ್ರಕೃತಿ, ಎರಡನೆಯದು ಮನುಷ್ಯರದು. ನಾವು ನೀರಿನ ಬಗ್ಗೆ ಮಾತಾಡುವಾಗ ಈ ಎರಡನ್ನೂ ಒಟ್ಟಿಗೆ ಹಿಡಿದು ಮಾತಾಡಬೇಕು. ಬರೀ ಒಂದನ್ನು ಹಿಡಿದರೆ ಅರ್ಧ ಮಾತು ಆಗುತ್ತದೆ.

ಈಗ ಕಾಡಿನ ಕೆಲಸಕ್ಕೆ ಬರೋಣ. ಗುಡ್ಡದ ಮೇಲೆ ಅಷ್ಟು ಮಳೆ ಬೀಳುತ್ತದಲ್ಲ, ಅದು ಎಲ್ಲಿ ಹೋಗುತ್ತದೆ? ತಾಯಂದಿರಿಗೆ ಅರ್ಥ ಆಗುವ ಹಾಗೆ ಹೇಳ್ತೀನಿ. ಪತ್ರಾಸ್ ಹೊದಿಸಿದ ಮನೆ ಮೇಲೆ ಮಳೆ ಬಿದ್ದರೆ ದಡದಡ ಸದ್ದಾಗಿ ಅದೇ ಗಳಿಗೆಗೆ ಅಂಗಳಕ್ಕೆ ಬೀಳುತ್ತದೆ. ಮಳೆ ನಿಂತ ಐದು ನಿಮಿಷಕ್ಕೆ ಪತ್ರಾಸ್ ಒಣಗಿರುತ್ತದೆ. ಅದೇ ಮಳೆಯಲ್ಲಿ ಒಂದು ಕೌದಿ ಹಾಸಿ ನೋಡಿರಿ. ನೀರು ಹೀರಿಕೊಳ್ಳುತ್ತದೆ, ಆಮೇಲೆ ಹಗ್ಗದ ಮೇಲೆ ಹಾಕಿದರೆ ದಿನವಿಡೀ ತೊಟ್ಟು ತೊಟ್ಟು ಇಳಿಯುತ್ತದೆ. ಬೋಳು ಗುಡ್ಡ ಪತ್ರಾಸಿನ ಹಾಗೆ, ಕಾಡಿನ ಗುಡ್ಡ ಕೌದಿಯ ಹಾಗೆ.

ಆ ಕೌದಿ ಎಷ್ಟೋ ಪದರಿನದು. ಮೇಲೆ ನೇರಳೆ, ಅಳಲೆ, ಅಂಜನಿ ಮರಗಳ ಎಲೆ. ಮಳೆಯ ಹನಿ ನೇರ ನೆಲಕ್ಕೆ ಗುದ್ದದ ಹಾಗೆ ಎಲೆ ತಡೆಯುತ್ತದೆ, ಒಂದಿಷ್ಟು ನೀರು ಎಲೆ ಮೇಲಿಂದಲೇ ಆವಿಯಾಗಿ ಹೋಗುತ್ತದೆ. ಅದರ ಕೆಳಗೆ ಪೊದೆ, ಹುಲ್ಲು. ಅದರ ಕೆಳಗೆ ಉದುರಿದ ತರಗೆಲೆ. ಅದರ ಕೆಳಗೆ ಬೇರು ಹೋದ ದಾರಿ, ಎರೆಹುಳ ಮತ್ತು ಗೆದ್ದಲು ಕೊರೆದ ತೂತುಗಳಿರುವ ಮೆತ್ತನೆಯ ಮಣ್ಣು. ನೀರು ಈ ಸಂದಿಗಳಲ್ಲಿ ಇಳಿದು, ಕಪ್ಪು ಬಂಡೆಯ ಬಿರುಕುಗಳಿಗೆ ಹೋಗಿ, ತಿಂಗಳುಗಟ್ಟಲೆ ಆದ ಮೇಲೆ ಗುಡ್ಡದ ಬುಡದಲ್ಲಿ ಒರತೆಯಾಗಿ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಳೆಯ ಹನಿ ಇಲ್ಲದಾಗಲೂ ಗುಡ್ಡದ ಹಳ್ಳ ಹರಿಯುತ್ತದಲ್ಲ, ಅದು ಜುಲೈನ ಮಳೆ. ಮರ ಕಡಿದು, ದನ ಮೇಯಿಸಿ, ಬೆಂಕಿ ಹಚ್ಚಿ, ನೆಲ ತುಳಿದು ಗಟ್ಟಿ ಮಾಡಿದರೆ ಆ ತೂತುಗಳು ಮುಚ್ಚುತ್ತವೆ. ಆಗ ಅದೇ ಮಳೆ ಮೇಲೆ ಮೇಲೆ ಓಡುತ್ತದೆ. ಮಣ್ಣನ್ನೂ ಕಟ್ಟಿಕೊಂಡು ಓಡುತ್ತದೆ. ಜುಲೈನಲ್ಲಿ ಪ್ರವಾಹ, ಮಾರ್ಚಿನಲ್ಲಿ ಬರ, ಎರಡೂ ಹೆಚ್ಚಾಗುತ್ತವೆ. ಕೆರೆ ಮತ್ತು ಡ್ಯಾಮಿನ ಹೊಟ್ಟೆಯಲ್ಲಿ ಹೂಳು ಕೂಡುತ್ತದೆ.

ಇಷ್ಟು ಹೇಳಿ, "ಗಿಡ ನೆಡಿ, ಮಳೆ ತರಿಸಿ" ಅಂತ ಘೋಷಣೆ ಕೂಗಿ ಕೆಳಗೆ ಇಳಿದರೆ ನನಗೂ ಚಪ್ಪಾಳೆ ಸಿಗುತ್ತದೆ. ಆದರೆ ವಿಷಯ ಅಷ್ಟು ಸಸಾರ ಇಲ್ಲ. ಮರಗಳೂ ನೀರು ಕುಡಿಯುತ್ತವೆ. ಎಲ್ಲ ಮರ ಒಂದೇ ಅಲ್ಲ. ಉತ್ತರ ಕನ್ನಡ ಜಿಲ್ಲೆಯ ಘಟ್ಟದಲ್ಲಿ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ನೈಸರ್ಗಿಕ ಕಾಡು, ಹಾಳಾದ ನೆಲ, ಅಕೇಶಿಯಾ ನೆಡುತೋಪು, ಈ ಮೂರರಲ್ಲಿ ಮಳೆ ನೀರನ್ನು ಒಳಗೆ ಇಳಿಸಿ ಬೇಸಿಗೆಗೆ ಹಳ್ಳ ಹರಿಸುವ ಕೆಲಸದಲ್ಲಿ ನೈಸರ್ಗಿಕ ಕಾಡೇ ಮುಂದೆ. ಸಾಲಾಗಿ ನೆಟ್ಟ ಅಕೇಶಿಯಾ ತೋಪು ಕಾಡಿನ ಹಾಗೆ ಕಂಡರೂ ಅಷ್ಟು ಕೆಲಸ ಮಾಡೋದಿಲ್ಲ. ಇನ್ನೊಂದು ಮಾತು. ಸಾತಾರದ ಕಾಸ ಪಠಾರ ನೋಡಿದವರು ಇದ್ದೀರಿ. ಅಲ್ಲಿ ಮರ ಇಲ್ಲ, ಹೂವಿದೆ. ಕೆಂಪು ಜಂಬಿಟ್ಟಿಗೆ ಕಲ್ಲಿನ ಆ ಬಯಲು ಹುಟ್ಟಿದ್ದೇ ಹಾಗೆ. ಅಂಥ ಬಯಲನ್ನು "ಖಾಲಿ ಜಾಗ" ಅಂತ ಅಗೆದು ಗಿಡ ನೆಡೋದೂ ತಪ್ಪು, ಬಾಕ್ಸೈಟ್ ಸಲುವಾಗಿ ಕೆರೆಯೋದು ಇನ್ನೂ ದೊಡ್ಡ ತಪ್ಪು. ಕೊಲ್ಹಾಪುರ ಜಿಲ್ಹೆಯ ಶಾಹುವಾಡಿ, ರಾಧಾನಗರಿ ಕಡೆ ಬಾಕ್ಸೈಟ್ ಗಣಿ ನಡೆದದ್ದು ಇಂಥ ಗುಡ್ಡದ ನೆತ್ತಿಯ ಮೇಲೆಯೇ. ಕಾಸ, ಕೊಯ್ನಾ, ಚಾಂದೋಲಿ, ರಾಧಾನಗರಿ, ಈ ನಾಲ್ಕೂ 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಸೇರಿದ್ದು ಹೂವಿನ ಮತ್ತು ಪ್ರಾಣಿಗಳ ಸಲುವಾಗಿ ಅಂತ ಜನ ತಿಳಿದಿದ್ದಾರೆ. ನನ್ನ ಲೆಕ್ಕದಲ್ಲಿ ಅವು ನಮ್ಮ ಸಾಂಗಲಿ-ಮೀರಜದ ನೀರಿನ ಟಾಕಿಗಳು.

ಕೌದಿಗೂ ಮಿತಿ ಇದೆ ಅನ್ನೋದನ್ನು ಹೇಳಲೇಬೇಕು. ಪೂರ್ತಿ ತೊಯ್ದ ಕೌದಿ ಮತ್ತೆ ನೀರು ಹಿಡಿಯೋದಿಲ್ಲ. ಜೂನ್, ಜುಲೈ ಎರಡು ತಿಂಗಳು ಮಳೆ ಹೊಡೆದು ಗುಡ್ಡದ ಮಣ್ಣು ತುಂಬಿ ನಿಂತಾಗ, ಮೇಲಿಂದ ಎರಡು ದಿನದಲ್ಲಿ ಸಾವಿರ ಮಿಲಿಮೀಟರ್ ಸುರಿದರೆ ಯಾವ ಕಾಡೂ ತಡೆಯಲಾರದು. ಸಣ್ಣ, ಮಧ್ಯಮ ಪ್ರವಾಹವನ್ನು ಕಾಡು ತಗ್ಗಿಸುತ್ತದೆ. ಅತಿ ದೊಡ್ಡದನ್ನು ತಗ್ಗಿಸುವ ಶಕ್ತಿ ಅದಕ್ಕೆ ಕಡಿಮೆ. 2021ರ ಜುಲೈ 22, 23ರ ಸುಮಾರಿಗೆ ಮಹಾಬಳೇಶ್ವರದಲ್ಲಿ 24 ತಾಸಿನಲ್ಲಿ ಸುಮಾರು 594 ಮಿಲಿಮೀಟರ್ ಮಳೆಯಾಯಿತು. ಅಂದರೆ ನಮ್ಮ ಮೀರಜದ ಒಂದು ಇಡೀ ವರ್ಷದ ಮಳೆ ಒಂದೇ ದಿನದಲ್ಲಿ! ಆ ದಿನಗಳಲ್ಲಿ ಮಹಾಡ ಮುಳುಗಿತು. ಮಹಾಡ ತಾಲೂಕಿನ ತಳಿಯೆ ಗ್ರಾಮದ ಮೇಲೆ ಗುಡ್ಡ ಕುಸಿದು 80ಕ್ಕೂ ಹೆಚ್ಚು ಜನ ಮಣ್ಣಾದರು. ಈ ಕಡೆ ಪಾಟಣ ತಾಲೂಕಿನ ಅಂಬೇಘರ, ಮಿರಗಾವದಲ್ಲೂ ಗುಡ್ಡ ಜರಿಯಿತು. ಸಾಂಗಲಿಯಲ್ಲಿ ಕೃಷ್ಣೆ ಮತ್ತೆ ಅಪಾಯದ ಗೆರೆ ದಾಟಿ ಪೇಟೆಗೆ ಬಂದಳು. ಒಂದೇ ಗುಡ್ಡದ ಎರಡೂ ಮಗ್ಗಲಿಗೆ ಒಂದೇ ವಾರ.

ಇಂಥ ಮಳೆ ಮೊದಲೂ ಬರುತ್ತಿತ್ತು, ಈಗೇನು ಹೊಸದು ಅಂತ ಹಿರಿಯರು ಕೇಳಬಹುದು. ಬರುತ್ತಿತ್ತು, ಖರೆ. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹೊತ್ತುಕೊಳ್ಳಬಲ್ಲದು. ಅರಬ್ಬಿ ಸಮುದ್ರವೂ ಬಿಸಿಯಾಗುತ್ತಿದೆ. ಪುಣೆಯ ಹವಾಮಾನ ಸಂಸ್ಥೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೊಲ್ ಮತ್ತು ಜೊತೆಗಾರರು 1950ರಿಂದ 2015ರವರೆಗಿನ ಲೆಕ್ಕ ನೋಡಿ 2017ರಲ್ಲಿ ಹೇಳಿದರು: ಮಧ್ಯ ಭಾರತದಲ್ಲಿ ವಿಸ್ತಾರವಾದ ಜಾಗದಲ್ಲಿ ಒಮ್ಮೆಲೇ ಸುರಿಯುವ ಅತಿ ಮಳೆಯ ಘಟನೆಗಳು ಮೂರು ಪಟ್ಟಾಗಿವೆ. ಒಟ್ಟು ಮಳೆ ಹೆಚ್ಚಾಗಿಲ್ಲ. ಬರುವ ಮಳೆ ದಿನಗಳಲ್ಲಿ ಹಂಚಿ ಬರುವುದು ಬಿಟ್ಟು ಒಂದೇ ಸಲ ಮೈಮೇಲೆ ಬೀಳುತ್ತಿದೆ. ನಡುವೆ ಒಣ ದಿನಗಳು.

ಕಾಡಿಗೂ ಗಾಳಿಗೂ ಇನ್ನೊಂದು ಲೇವಾದೇವಿ ಇದೆ. ಮರ ಬೇರಿನಿಂದ ಎತ್ತಿದ ನೀರನ್ನು ಎಲೆಯಿಂದ ಉಸಿರಾಡಿ ಗಾಳಿಗೆ ಬಿಡುತ್ತದೆ. ಮುಂಬಯಿ ಐಐಟಿಯವರು ಲೆಕ್ಕ ಹಾಕಿದ್ದಾರೆ. ಮುಂಗಾರು ಸೊರಗಿದ ವರ್ಷಗಳಲ್ಲಿ ತಮಿಳುನಾಡಿಗೆ ಬೀಳುವ ಮಳೆಯ ತೇವದಲ್ಲಿ ದೊಡ್ಡ ಪಾಲು ಪಶ್ಚಿಮ ಘಟ್ಟದ ಕಾಡು ಬಿಟ್ಟ ಉಸಿರು. ಘಟ್ಟದಲ್ಲಿ ಕಡಿದ ಮರಕ್ಕೆ ಯಾವುದೋ ದೂರದ ಹೊಲ ದಂಡ ತೆರುತ್ತದೆ.

ಇನ್ನು ರಾಜಕಾರಣ. ಪೂರ ಬಂದಾಗಲೆಲ್ಲ ನಮ್ಮಲ್ಲಿ ಏಳುವ ಮೊದಲ ಹೆಸರು ಆಲಮಟ್ಟಿ. 2005ರಲ್ಲೂ ಅದೇ, 2019ರಲ್ಲೂ ಅದೇ. ಆ ಡ್ಯಾಮಿನ ನೀರಿನ ಮಟ್ಟ ಈಗ 519.6 ಮೀಟರ್. ಅದನ್ನು 524.256ಕ್ಕೆ ಏರಿಸಲು ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿತು. ಆವತ್ತಿನಿಂದ ಸಾಂಗಲಿಯಲ್ಲಿ ಮೋರ್ಚಾ, ವಿಜಯಪುರದಲ್ಲಿ ಪ್ರತಿಮೋರ್ಚಾ. ನಡುವೆ ಕನ್ನಡ ಮಾತಾಡುವ ನಮ್ಮಂಥವರಿಗೆ ಎರಡೂ ಕಡೆ ಅನುಮಾನದ ಕಣ್ಣು. ಆದರೆ ಮಹಾರಾಷ್ಟ್ರ ಸರ್ಕಾರವೇ 2019ರ ಪೂರದ ನಂತರ ನೇಮಿಸಿದ ನಂದಕುಮಾರ ವಡನೇರೆ ಸಮಿತಿ 2020ರ ವರದಿಯಲ್ಲಿ, ಆ ಪೂರಕ್ಕೆ ಆಲಮಟ್ಟಿ ಕಾರಣ ಅಲ್ಲ ಅಂತ ಹೇಳಿತು. ಅತಿ ಮಳೆ, ನದಿಪಾತ್ರದಲ್ಲಿ ಮಾಡಿದ ಅತಿಕ್ರಮಣ, ನೀರಿನ ದಾರಿಗೆ ಕಟ್ಟಿದ ಅಡ್ಡಿಗಳು ಕಾರಣ ಅಂದಿತು. ಡ್ಯಾಮಿನ ಎತ್ತರ ಏರಿಸಿದರೆ ಮುಂದೆ ಏನಾಗುತ್ತದೆ ಅನ್ನೋದು ಬೇರೆ ಪ್ರಶ್ನೆ, ಅದನ್ನು ತಜ್ಞರು ತೂಗಲಿ. ಆದರೆ ಕೆಳಗಿನ ಆಲಮಟ್ಟಿಯ ಬಗ್ಗೆ ಕೂಗುವ ನಾಯಕರು ಮೇಲಿನ ಗುಡ್ಡದ ಬಗ್ಗೆ ಯಾಕೆ ಸುಮ್ಮನಿದ್ದಾರೆ? 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ ಘಟ್ಟದ ಯಾವ ಜಾಗದಲ್ಲಿ ಗಣಿ ಬೇಡ, ಏನು ಕಟ್ಟಬಾರದು ಅಂತ ಬರೆದುಕೊಟ್ಟಿತು, ಅದನ್ನೆಲ್ಲ ಗ್ರಾಮಸಭೆಗಳ ಮುಂದೆ ಇಡಿ ಅಂದಿತು. ಆ ವರದಿ ಬೇಡ ಅನ್ನುವುದರಲ್ಲಿ ಮಾತ್ರ ಎಲ್ಲ ರಾಜ್ಯಗಳೂ ಅಣ್ಣ ತಮ್ಮಂದಿರ ಹಾಗೆ ಒಂದಾದವು.

ಅತಿಕ್ರಮಣ ಅಂದೆನಲ್ಲ, ಅದು ನಮ್ಮ ಓಣಿಗೆ ಬರುವ ಮಾತು. ಸರ್ಕಾರಿ ನಕಾಶೆಯಲ್ಲಿ ನದಿಯ ಪಕ್ಕ ಎರಡು ಗೆರೆ ಇವೆ. ನೀಲಿ ಗೆರೆ 25 ವರ್ಷಕ್ಕೊಮ್ಮೆ ಬರಬಹುದಾದ ಪೂರದ್ದು, ಕೆಂಪು ಗೆರೆ 100 ವರ್ಷಕ್ಕೊಮ್ಮೆ ಬರಬಹುದಾದದ್ದು. ಸಾಂಗಲಿಯಲ್ಲಿ ನೀರು ಮೊದಲು ಹೊಗುವುದು ಸೂರ್ಯವಂಶಿ ಪ್ಲಾಟ್, ಇನಾಮದಾರ ಪ್ಲಾಟ್, ದತ್ತನಗರ, ಕಾಕಾನಗರದಂಥ ತಗ್ಗಿನ ವಸ್ತಿಗಳಿಗೆ. ಮೀರಜದಲ್ಲಿ ಕೃಷ್ಣಾಘಾಟದ ಕಡೆ. ಮಾರ್ಕೆಟ್ಟಿನ ಹಮಾಲರು, ಮನೆಗೆಲಸದ ಹೆಣ್ಣುಮಕ್ಕಳು, ಗೌಂಡಿ ಕೆಲಸದವರು, ಜತ್ತ, ಅಥಣಿ, ವಿಜಯಪುರದ ಕಡೆಯಿಂದ ಹೊಟ್ಟೆಗಾಗಿ ಬಂದವರು ಇಂಥ ತಗ್ಗಿನಲ್ಲೇ ಯಾಕೆ ಮನೆ ಮಾಡಿದರು? ಅಲ್ಲಿ ಜಾಗ ಅಗ್ಗ. ಅಗ್ಗ ಯಾಕೆ? ಅಲ್ಲಿ ನೀರು ಬರುತ್ತದೆ. ಅಷ್ಟೇ ಲೆಕ್ಕ. ಹಳ್ಳಿಯಲ್ಲೂ ನೋಡಿರಿ, ನಮ್ಮ ಕೇರಿ ಊರಿನ ಯಾವ ಕಡೆ ಇರುತ್ತದೆ? ಹಳ್ಳದ ಕಡೆಗೆ, ತಗ್ಗಿಗೆ. ಅದನ್ನು ನಾವು ಆರಿಸಿಕೊಂಡದ್ದಲ್ಲ.

ಪೂರ ಇಳಿದ ಮೇಲೆ ಪಂಚನಾಮೆ ನಡೆಯುತ್ತದೆ. ಬೆಳೆ ಹಾನಿಯ ಪರಿಹಾರ ಸಾತ್-ಬಾರಾ ಉತಾರೆಯಲ್ಲಿ ಹೆಸರಿದ್ದವರಿಗೆ. ಮುಳುಗಿದ ಆ ಕಬ್ಬಿನಲ್ಲಿ ಕಳೆ ತೆಗೆಯುತ್ತಿದ್ದ ಅವ್ವನ ಒಂದೂವರೆ ತಿಂಗಳ ಕೂಲಿ ಯಾವ ಉತಾರೆಯಲ್ಲೂ ಇಲ್ಲ. ಬಾಡಿಗೆ ಮನೆಯವರ ಹತ್ತಿರ ಕಾಗದ ಇಲ್ಲ. 2019ರಲ್ಲಿ ನಮ್ಮ ಸಂಬಂಧಿಕರ ಒಂದು ಮನೆಗೆ, ನೀರು ಸೊಂಟದ ತನಕ ನಿಂತಿದ್ದರೂ, ವಿಳಾಸದ ಪುರಾವೆ ಸರಿ ಇಲ್ಲ ಅಂತ ಎಷ್ಟು ಸಲ ತಿರುಗಾಡಿಸಿದರು ಅಂದರೆ, ಕೊನೆಗೆ ಅವರು ಕೂಲಿ ಬಿಟ್ಟು ತಿರುಗಿದ್ದರ ಖರ್ಚೇ ಹೆಚ್ಚಾಗಿ ಬಿಟ್ಟುಬಿಟ್ಟರು.

ಇದು ತಗ್ಗಿನ ಕಥೆ. ದಿನ್ನೆಯ ಕಥೆ ಜತ್ತದ್ದು. 2016ರ ಏಪ್ರಿಲ್‌ನಲ್ಲಿ ನಮ್ಮ ಮೀರಜ ಜಂಕ್ಷನ್ನಿನಿಂದ ಲಾತೂರಿಗೆ ನೀರಿನ ರೈಲು ಹೋಯಿತು, ಸುಮಾರು 340 ಕಿಲೋಮೀಟರ್. ಮೊದಲ ಸಲ ಹತ್ತು ವ್ಯಾಗನ್, ಒಂದೊಂದರಲ್ಲಿ ಸುಮಾರು 50,000 ಲೀಟರ್ ಕೃಷ್ಣೆಯ ನೀರು. ದೇಶವೆಲ್ಲ ಟಿವಿಯಲ್ಲಿ ನೋಡಿತು. ಒಳ್ಳೆಯ ಕೆಲಸ, ಬಾಯಾರಿದವರಿಗೆ ನೀರು ಕೊಟ್ಟದ್ದು ಮೀರಜದ ಹೆಮ್ಮೆ. ಆದರೆ ಅದೇ ಬೇಸಿಗೆಯಲ್ಲಿ ಅದೇ ಜಿಲ್ಹೆಯ ಮೂಡಣ ಜತ್ತದ ಹಳ್ಳಿಗಳ ಹೆಣ್ಣುಮಕ್ಕಳು ಕೊಡ ಹಿಡಿದು ಟ್ಯಾಂಕರ್ ದಾರಿ ಕಾಯುತ್ತಿದ್ದರು. ಅವರಿಗೆ ರೈಲೂ ಇಲ್ಲ, ಕ್ಯಾಮೆರಾವೂ ಇಲ್ಲ. ನಮ್ಮ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಪಂಪಿನಿಂದ ಹಂತ ಹಂತವಾಗಿ ಎತ್ತಿ ಕವಠೆ ಮಹಾಂಕಾಳ, ಜತ್ತಕ್ಕೆ ಕಳಿಸುವ ಯೋಜನೆ ಇದೆ. ಮೂಡಣ ಜತ್ತದ ಅರವತ್ತರಷ್ಟು ಹಳ್ಳಿಗಳು ಮೂಲ ಯೋಜನೆಯಿಂದ ಹೊರಗೆ ಉಳಿದವು. 2012ರ ಬರದಲ್ಲಿ ಅಲ್ಲಿನ ಹಳ್ಳಿಗಳು, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಅಂತ ಠರಾವು ಮಾಡಿದವು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಮಾತೆತ್ತಿದಾಗ ಎರಡೂ ರಾಜ್ಯದ ಪೇಪರಿನವರು ಜತ್ತಕ್ಕೆ ಓಡಿ ಬಂದರು. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ತಿಕೋಂಡಿ ಕಡೆ ಹರಿಯಿತು. ಭಾಷೆಯ ಜಗಳ ಅಂತ ಬರೆದರು. ಅದು ಭಾಷೆಯ ಜಗಳ ಆಗಿರಲಿಲ್ಲ, ಕೊಡದ ಜಗಳ ಆಗಿತ್ತು.

ನೀರು ಬಂದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕಾಲುವೆಯ ನೀರು ಹೊಲ ಇದ್ದವರಿಗೆ. ವತನದ ತುಂಡು ಬಿಟ್ಟು ಹೊಲವೇ ಇಲ್ಲದ ನಮ್ಮವರಿಗೆ ಏನು? ಇದಕ್ಕೆ ಉತ್ತರ ದೂರದಲ್ಲಿಲ್ಲ, ಇದೇ ಜಿಲ್ಹೆಯ ಖಾನಾಪುರ ತಾಲೂಕಿನಲ್ಲಿದೆ. 1982ರಲ್ಲಿ ಮುಂಬಯಿಯ ಗಿರಣಿ ಮುಷ್ಕರ ನಡೆದಾಗ ಕಾರ್ಮಿಕರು ಊರಿಗೆ ಮರಳಿದರು, ಊರಲ್ಲಿ ಬರ. ಮುಕ್ತಿ ಸಂಘರ್ಷ ಚಳವಳಿ ಹುಟ್ಟಿತು. ಬಲವಡಿ, ತಾಂದುಳವಾಡಿಯ ಜನ ಯೇರಳಾ ನದಿಯ ಉಸುಕನ್ನು ಗುತ್ತಿಗೆದಾರರಿಗೆ ಬಿಡದೆ, ತಾವೇ ಸ್ವಲ್ಪ ಮಾರಿ, ಆ ದುಡ್ಡಿನಿಂದ ಬಳಿರಾಜಾ ಬಂಧಾರ ಕಟ್ಟಿದರು. ಅವರ ನಿಯಮ ಒಂದೇ: ನೀರಿನಲ್ಲಿ ಪ್ರತಿ ಕುಟುಂಬಕ್ಕೂ ಸಮ ಪಾಲು, ಭೂಮಿ ಇಲ್ಲದವರಿಗೂ. ಈ ಹೋರಾಟದಲ್ಲಿ ಭಾರತ ಪಾಟಣಕರ ಮತ್ತು ಕಾಸೇಗಾವದ ಸೊಸೆಯಾಗಿ ಬಂದ ಗೇಲ್ ಆಮ್ವೆಟ್ ಇದ್ದರು. ದಲಿತ ಚಳವಳಿಯ ಇತಿಹಾಸ ಬರೆದ ಅದೇ ಗೇಲ್ ಆಮ್ವೆಟ್. ಅವರ ಪುಸ್ತಕ ಓದುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಆ ಬಂಧಾರ ನೋಡಿದ್ದಾರೆ? ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಿ ಬರಬಹುದು.

ಬಾಬಾಸಾಹೇಬರೂ ನೀರಿನ ಮಂತ್ರಿಯ ಕೆಲಸ ಮಾಡಿದವರು, ಇದು ಬಹಳ ಮಂದಿಗೆ ಗೊತ್ತಿಲ್ಲ. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ನೀರಾವರಿ, ವಿದ್ಯುತ್ ಅವರ ಕೈಯಲ್ಲಿತ್ತು. ದಾಮೋದರ, ಮಹಾನದಿ ಯೋಜನೆಗಳಿಗೆ ಅಡಿಪಾಯ ಹಾಕಿದರು. 1945ರ ನವೆಂಬರಿನಲ್ಲಿ ಕಟಕದ ಸಭೆಯಲ್ಲಿ ಅವರ ವಾದ ಇದಾಗಿತ್ತು: ಪೂರದ ನೀರನ್ನು ಶತ್ರುವೆಂದು ಸಮುದ್ರಕ್ಕೆ ಓಡಿಸುವ ಯೋಚನೆ ಬಿಡಿ, ಹಿಡಿದಿಡುವುದನ್ನು ಯೋಚಿಸಿ. ಅವರ ಕಾಲಕ್ಕೆ ಹಿಡಿದಿಡುವುದು ಅಂದರೆ ಡ್ಯಾಮು. ನಮ್ಮ ಕಾಲಕ್ಕೆ ಅದರ ಜೊತೆ ಗುಡ್ಡದ ಕಾಡನ್ನೂ ಸೇರಿಸಿ ಓದಬೇಕು ಅಂತ ನನಗೆ ಅನಿಸುತ್ತದೆ.

ಕಾಡು ಉಳಿಸಿ ಅನ್ನುವಾಗ ಯಾರ ಖರ್ಚಿನಲ್ಲಿ ಅಂತಲೂ ಕೇಳಬೇಕು. 1960ರ ದಶಕದಲ್ಲಿ ಎದ್ದ ಕೊಯ್ನಾ ಡ್ಯಾಮಿನಲ್ಲಿ 105 ಟಿಎಂಸಿ ನೀರು ನಿಲ್ಲುತ್ತದೆ. ಅದರಲ್ಲಿ 67.5 ಟಿಎಂಸಿಯವರೆಗೆ ವಿದ್ಯುತ್ತಿಗಾಗಿ ಗುಡ್ಡ ಕೊರೆದು ಪಡುವಣಕ್ಕೆ ಬಿಡಬಹುದು. ಆ ನೀರು ಚಿಪಳೂಣದ ವಾಶಿಷ್ಠಿ ನದಿಗೆ ಸೇರಿ ಸಮುದ್ರಕ್ಕೆ ಹೋಗುತ್ತದೆ. ಮೂಡಣಕ್ಕೆ ಬರಬೇಕಾದ ನೀರು ಅದು, ಪಡುವಣದಲ್ಲಿ ದೀಪವಾಗಿ ಉರಿಯುತ್ತದೆ. ಡ್ಯಾಮಿಗೆ ಊರು ಬಿಟ್ಟವರ ಮೊಮ್ಮಕ್ಕಳು ಇಂದಿಗೂ ಪುನರ್ವಸನಕ್ಕಾಗಿ ಧರಣಿ ಕೂಡುತ್ತಾರೆ. 2004ರಲ್ಲಿ ಚಾಂದೋಲಿ ರಾಷ್ಟ್ರೀಯ ಉದ್ಯಾನವಾಯಿತು, 2010ರಲ್ಲಿ ಕೊಯ್ನಾ ಅಭಯಾರಣ್ಯದ ಜೊತೆ ಸೇರಿ ಸಹ್ಯಾದ್ರಿ ಹುಲಿ ಯೋಜನೆಯಾಯಿತು. ಅಲ್ಲಿಂದ ಎಬ್ಬಿಸಿದ ಊರುಗಳನ್ನು ನಮ್ಮ ಬಯಲು ತಾಲೂಕುಗಳಲ್ಲಿ ತಂದು ಇಟ್ಟಿದ್ದಾರೆ. ಆ ಜನ ನಮ್ಮ ನೆರೆಯವರು. ಕಾಡು ದಟ್ಟ ಆಯಿತು, ಒಳ್ಳೆಯದೇ. ಆದರೆ ಅದರಿಂದ ಉಳಿದ ನೀರು ಸಕ್ಕರೆ ಕಾರ್ಖಾನೆಯ ಕಬ್ಬಿಗೆ, ಉಳಿದ ಕರೆಂಟು ಶಹರಕ್ಕೆ, ಊರು ಬಿಟ್ಟ ದುಃಖ ಮಾತ್ರ ಬಡವರಿಗೆ ಅಂದರೆ ಅದು ಯಾವ ನ್ಯಾಯ? 2006ರ ಅರಣ್ಯ ಹಕ್ಕು ಕಾಯ್ದೆ ಇದೆ, ಕಾಡಿನ ಜನರಿಗೆ ಹಕ್ಕು ಕೊಟ್ಟು ಕಾಡು ಉಳಿಸುವ ದಾರಿ ಅದರಲ್ಲಿದೆ. ಕಾಡಿನ ಜನರನ್ನು ಹೊರಗೆ ಹಾಕಿ, ಕಾಡಿನ ಅಂಚಿನಲ್ಲಿ ರಿಸಾರ್ಟ್ ಕಟ್ಟಲು ಪರವಾನಗಿ ಕೊಡುವ ಪರಿಸರ ಪ್ರೇಮ ನನಗೆ ಬೇಕಾಗಿಲ್ಲ.

ನಾವು ಏನು ಮಾಡಬಹುದು? ಭಾಷಣದ ಹೊತ್ತು ಮುಗಿಯುತ್ತಿದೆ, ಕೈಗೆ ಸಿಗುವಷ್ಟು ಮಾತ್ರ ಹೇಳ್ತೀನಿ. ನೀಲಿ ಗೆರೆ, ಕೆಂಪು ಗೆರೆಯ ನಕಾಶೆಯನ್ನು ಪ್ರತಿ ವಸ್ತಿಯಲ್ಲಿ, ಮರಾಠಿಯಲ್ಲೂ ಕನ್ನಡದಲ್ಲೂ, ದೊಡ್ಡದಾಗಿ ಹಚ್ಚಿರಿ ಅಂತ ಸಂಘದ ವತಿಯಿಂದ ಮಹಾಪಾಲಿಕೆಗೆ ಅರ್ಜಿ ಕೊಡೋಣ. ಗೆರೆಯೊಳಗಿನವರನ್ನು ಎಬ್ಬಿಸುವುದಾದರೆ ಎಲ್ಲಿಗೆ, ಎಷ್ಟು ದೂರಕ್ಕೆ, ಕೂಲಿ ಸಿಗುವ ಜಾಗಕ್ಕೋ ಇಲ್ಲವೋ ಅಂತ ಅದೇ ಅರ್ಜಿಯಲ್ಲಿ ಕೇಳೋಣ. ಮ್ಹೈಸಾಳದ ವಿಸ್ತರಿತ ಯೋಜನೆಯ ನೀರು ಜತ್ತಕ್ಕೆ ಪೂರ್ತಿ ತಲುಪುವ ಮೊದಲೇ, ಬಳಿರಾಜಾ ಬಂಧಾರದ ಹಾಗೆ ಭೂಮಿ ಇಲ್ಲದವರ ಪಾಲಿನ ಮಾತನ್ನು ಅಲ್ಲಿನ ಗ್ರಾಮಸಭೆಗಳಲ್ಲಿ ಎತ್ತಬೇಕು. ನೀರು ಬಂದ ಮೇಲೆ ಎತ್ತಿದರೆ ಯಾರೂ ಕೇಳೋದಿಲ್ಲ. ಊರಲ್ಲಿ ಮನೆ, ಮಂದಿ ಇದ್ದವರು ಆ ಗ್ರಾಮಸಭೆಗೆ ಒಂದು ದಿನದ ಕೂಲಿ ಬಿಟ್ಟು ಹೋಗಿರಿ.

ಮತ್ತೊಂದು ಸಣ್ಣ ಕೆಲಸ ಇದೆ. ಮಳೆಗಾಲದಲ್ಲಿ ದಿನಾ ಮುಂಜಾನೆ ಕೊಯ್ನಾ, ನವಜಾ, ಮಹಾಬಳೇಶ್ವರ, ಈ ಮೂರು ಕಡೆ ಎಷ್ಟು ಮಳೆ ಆಯಿತು, ಡ್ಯಾಮಿನಿಂದ ಎಷ್ಟು ನೀರು ಬಿಟ್ಟರು ಅನ್ನೋ ಅಂಕಿ ಮೊಬೈಲಿನಲ್ಲಿ ಬರುತ್ತದೆ. ಕೊಯ್ನಾದಲ್ಲಿ ಬಿಟ್ಟ ನೀರು ಸಾಂಗಲಿ ಮುಟ್ಟಲಿಕ್ಕೆ ಸುಮಾರು ಒಂದು ದಿನ ಬೇಕು. ಆ ಒಂದು ದಿನ ನಮ್ಮ ಕೈಯಲ್ಲಿರುತ್ತದೆ. ಕಾಗದಪತ್ರ, ಮಕ್ಕಳ ಪುಸ್ತಕ, ಮುದುಕರ ಔಷಧ, ಹೊಲಿಗೆ ಮಷಿನ್ ಮೇಲೆ ಸಾಗಿಸಲಿಕ್ಕೆ ಅಷ್ಟು ಸಾಕು. ಬರುವ ಜೂನ್ 1ರಿಂದ ವಿಹಾರದ ಬಾಗಿಲ ಪಕ್ಕದ ಹಲಗೆ ಮೇಲೆ ದಿನಾ ಎಂಟು ಗಂಟೆಗೆ ಈ ಅಂಕಿಗಳನ್ನು ಬರೆಯುವ ಕೆಲಸ ನಾನು ತಗೊಂಡಿದ್ದೇನೆ. ಓದಲು ಬಾರದವರಿಗೆ ಮೈಕಿನಲ್ಲಿ ಎರಡೂ ಭಾಷೆಯಲ್ಲಿ ಹೇಳಲಿಕ್ಕೆ ಇನ್ನಿಬ್ಬರು ಬೇಕು, ಪರೀಕ್ಷೆಯ ದಿನಗಳಲ್ಲಿ ನನ್ನ ಬದಲಿಗೆ ಬರೆಯಲಿಕ್ಕೆ ಒಬ್ಬರು ಬೇಕು. ಕಾರ್ಯಕ್ರಮ ಮುಗಿದ ಮೇಲೆ ಚಹಾದ ಟೇಬಲ್ ಹತ್ತಿರ ವಹಿ ಇಟ್ಟಿರ್ತೀನಿ, ಹೆಸರು ಬರೆಸಿರಿ.

ಜೈ ಭೀಮ್.